ಪೆನ್ಸಿಲ್‌ನಲ್ಲಿ ಕೇಳಿದ ಹೆಸರು

ಹೋದ ವಾರ ಒಬ್ಬರ ಗಂಡನ ಹೆಸರು ಕೇಳಲು ಹೋಗಿ ಅವರ ಬಿ.ಎ.ಯನ್ನೇ ಕೆಡಿಸುವುದರಲ್ಲಿದ್ದೆ.

ಗಾಬರಿಯಾಗಬೇಡಿ. ಕೇಳಿದ್ದು ಪೆನ್ಸಿಲ್‌ನಲ್ಲಿ.

ಈ ವಯಸ್ಸಿನಲ್ಲಿ ನಾನು ಎಕ್ಸ್‌ಟರ್ನಲ್ ಬಿ.ಎ.ಗೆ ಕೂತಿರುವುದು ನಿಮಗೆ ಗೊತ್ತೇ ಇದೆ. (ಫಾರ್ಮ್ ತುಂಬಿದ ದಿನ ನಮ್ಮ ಮನೆಯವರು, "ಇನ್ನ ಸಾರಿಗಿ ಉಪ್ಪು ಕಡಿಮಿ ಬಿದ್ರ ಯೂನಿವರ್ಸಿಟಿಗಿ ಕಂಪ್ಲೇಂಟ್ ಬರೀತೇನಿ" ಅಂದಿದ್ದನ್ನು ಈ ಅಂಕಣದಲ್ಲೇ ಬರೆದಿದ್ದೆ.) ಆಳಂದದಲ್ಲಿ ನನ್ನಂಥ ಕೆಲವು ಹೆಂಗಸರು ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಲೈಬ್ರರಿಯ ಹಿಂದಿನ ಕೋಣೆಯಲ್ಲಿ ರಿಟೈರ್ಡ್ ಮಾಸ್ತರರೊಬ್ಬರಿಂದ ಕನ್ನಡ ಪಾಠ ಹೇಳಿಸಿಕೊಳ್ಳುತ್ತೇವೆ.

ಮಾಸ್ತರರಿಗೆ ಹೊಸದೊಂದು ಹುಕಿ ಬಂತು. "ನಿಮ್ಮ ಬಾಳಿನಾಗ ನಡೆದದ್ದು ಒಂದು ಬರೀರಿ. ಕಚ್ಚಾ ಪ್ರತಿ ನನಗ ಬ್ಯಾಡ, ಬಾಜೂಕ ಕೂತವರಿಗಿ ಕೊಡ್ರಿ. ಅವರು ಪೆನ್ಸಿಲ್‌ಲೆ ಅಭಿಪ್ರಾಯ ಬರೀಲಿ. ಆಮ್ಯಾಲ ತಿದ್ದಿ, ಶನಿವಾರ ಎಲ್ಲರ ಮುಂದ ಓದ್ರಿ."

ನನ್ನ ಬಾಜೂಕ ಕೂರುವವರು ಮಹಾದೇವಿ. ಜೇವರ್ಗಿ ಕಡೆಯ ಇಜೇರಿ ತವರು. ಗಂಡನದು ಬಜಾರಿನಲ್ಲಿ ಕಾಳಿನ ಅಂಗಡಿ. ತಲೆ ಮೇಲಿನ ಸೆರಗು ಜಾರದಂತೆ ಬರೆಯುವ ಕಲೆ ಅವರಿಗಿದೆ. (ನನಗೆ ಸೆರಗೂ ನಿಲ್ಲುವುದಿಲ್ಲ, ಸಾಲೂ ನೆಟ್ಟಗಿರುವುದಿಲ್ಲ.) ಆದರೆ ಅವರ ಓದು ಒಂದೆಳೆ ದಾರದಲ್ಲಿ ತೂಗಾಡುತ್ತಿತ್ತು. ಅತ್ತೆ ಹೇಳಿಬಿಟ್ಟಿದ್ದರಂತೆ: "ಶನಿವಾರ ನಾನೂ ಬರ್ತೇನಿ. ಏನ್ ಕಲ್ತೀದಿ ಕೇಳ್ತೇನಿ. ಚಲೋ ಅನಿಸ್ಲಿಲ್ಲಂದ್ರ ಮನ್ಯಾಗ ಇರು."

ಇಷ್ಟು ಗೊತ್ತಿದ್ದೂ ನಾನು ಏನು ಮಾಡಬೇಕಿತ್ತು? ಎರಡು ಒಳ್ಳೆಯ ಮಾತು ಬರೆದು ಸುಮ್ಮನಿರಬೇಕಿತ್ತು.

ಆದರೆ ನಾನು ಕಾನ್ವೆಂಟಿನವಳು. ಸಿಸ್ಟರ್‌ಗಳ ಕೈಯಲ್ಲಿ ಕಾಂಪೊಸಿಷನ್ ಬರೆದು ಬೆಳೆದವಳು. ಪಿಕ್‌ನಿಕ್ಕಿಗೆ ಹೋಗದಿದ್ದರೂ "ದಣಿದರೂ ಸಂತೋಷದಿಂದ ಮನೆಗೆ ಮರಳಿದೆವು" ಎಂದು ಮುಗಿಸಲು ಕಲಿತವಳು. ಇನ್ನೊಬ್ಬರ ಬರಹ ತಿದ್ದುವ ಅವಕಾಶ ಈ ಜನ್ಮದಲ್ಲಿ ಮತ್ತೆ ಸಿಗುತ್ತದೆಯೇ? ಮಗನ ಕಂಪಾಸ್ ಬಾಕ್ಸಿನಿಂದ ಶಾರ್ಪ್‌ನರ್ ತಂದು, ಸೂಜಿಯಂತೆ ಪೆನ್ಸಿಲ್ ಚೂಪು ಮಾಡಿ ಕೂತೆ.

ಹಾಳೆಯ ಮೂಲೆಯಲ್ಲಿ ಅರಿಶಿನದ ಬೆರಳಚ್ಚು. ಒಳಗಿನ ಕಥೆ ಮಾತ್ರ ಸೊಗಸು. ಹೊಸ ಮದುಮಗಳಾಗಿ ತವರಿನಿಂದ ಆಳಂದಕ್ಕೆ ಬರುವಾಗ ಬಸ್ಸು ಜೇವರ್ಗಿಯಲ್ಲಿ ನಿಂತಿದೆ. ಗಂಡ ಮಿರ್ಚಿ ಭಜಿ ತರಲು ಇಳಿದಿದ್ದಾರೆ. ಅಷ್ಟರಲ್ಲಿ ಬಸ್ಸು ಹೊರಟಿದೆ. "ನಮ್ಮೋರು ಬರ್ಬೇಕ್ರಿ" ಎಂದು ಈಕೆ ಎದ್ದು ನಿಂತರೆ ಕಂಡಕ್ಟರ್, "ನಿಮ್ಮೋರು ಅಂದ್ರ ಯಾರವ್ವಾ? ಹೆಸರು ಹೇಳು, ಕೂಗ್ತೇನಿ" ಅಂದಿದ್ದಾನೆ. ಗಂಡನ ಹೆಸರು ಹೇಗೆ ಹೇಳುವುದು? ಹೇಳಿದರೆ ಅವರ ಆಯುಷ್ಯ ಕಡಿಮೆ. ಹೇಳದಿದ್ದರೆ ಅವರನ್ನು ಬಿಟ್ಟು ಬಸ್ಸು ಕಲಬುರ್ಗಿಗೆ. ಕೊನೆಗೆ ಪಕ್ಕದ ಮುದುಕಿಯೊಬ್ಬಳು, "ಒಡಪ ಹಾಕಿ ಹೇಳವ್ವಾ, ದೋಷ ಇಲ್ಲ" ಅಂದಳಂತೆ. (ಮದುವೆಮನೆಯಲ್ಲಿ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿಸುತ್ತಾರಲ್ಲ, ಅದೇ ಒಡಪು.) ಮುಂದಿನ ಸಾಲು: "ಆಗ ನಾನು ಹೆಸರು ಹೇಳಿದೆನು. ಬಸ್ಸು ನಿಂತಿತು."

ಮುಗಿಯಿತು. ಒಡಪೂ ಇಲ್ಲ, ಹೆಸರೂ ಇಲ್ಲ.

ನನ್ನ ಪೆನ್ಸಿಲ್ ತಡೆದೀತೇ? "ಏನು ಹೇಳಿದಿರಿ? ಪ್ರಬಂಧದ ಜೀವವೇ ಇಲ್ಲಿದೆ. ಇಡೀ ಬರಹದಲ್ಲಿ 'ಅವರು', 'ನಮ್ಮವರು' ಎಂದರೆ ಓದುಗರಿಗೆ ಹೇಗೆ ತಿಳಿಯಬೇಕು? ಹೆಸರು ಸ್ಪಷ್ಟವಾಗಿ ಬರೆಯಿರಿ." ಎರಡು ಸಲ ಅಡಿಗೆರೆ ಎಳೆದೆ. ಸ್ಕೇಲ್ ಇಟ್ಟು.

(ನನ್ನ ಪ್ರಬಂಧದ ಮೇಲೆ ಅವರು ಬರೆದಿದ್ದು ಒಂದೇ ಸಾಲು: "ಅಕ್ಷರ ಬಾಳ ಚಂದ ಅವ." ಬಾಕಿ ಹೊಗಳಿಕೆ ಮುಂದಿನ ಪುಟದಲ್ಲಿರಬಹುದೆಂದು ಹಾಳೆ ತಿರುವಿಯೂ ನೋಡಿದೆ.)

ಮರುದಿನ ಮಹಾದೇವಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಶುಕ್ರವಾರ ಹೆದರಿಕೊಂಡೇ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಪಕ್ಕದಲ್ಲೇ ಅತ್ತೆ.

"ಯಾಕ್ರಿ ಮಹಾದೇವಿ, ಕ್ಲಾಸಿಗಿ ಬರಲಿಲ್ಲ?"

"ಹ್ಯಾಂಗ ಬರ್ಲಿ ಅಕ್ಕಾರ? ನೀವು ಹೆಸರು ಬರಿ ಅಂದ್ರಿ. ಒಡಪ ಬಾಯಿಲೆ ಹೇಳೂದು. ಹಾಳಿ ಮ್ಯಾಲ ಬರದ್ರ ನಾಳಿ ಅದ ಹಾಳ್ಯಾಗ ಯಾರರೆ ಬೆಲ್ಲ ಕಟ್ಟಿಕೊಡ್ತಾರ. ಬರೀಲಿಲ್ಲಂದ್ರ ಪ್ರಬಂಧಕ್ಕ ಜೀವ ಇಲ್ಲ ಅಂತ ನೀವ ಬರದೀರಿ. ಜೀವ ಇಲ್ಲದ್ದು ಏನ್ ಓದ್ಲಿ?"

ಬಜಾರಿನಲ್ಲಿ ಅಂಗಡಿಯ ಬೋರ್ಡಿನ ಮೇಲೆ ಆ ಹೆಸರು ಮಾರುದ್ದ ಅಕ್ಷರದಲ್ಲಿದೆ. ಆ ಬೋರ್ಡಿನ ಮಾತು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಮೊರ ಕೆಳಗಿಟ್ಟರು.

"ನಿಮ್ಮ ಮನಿಯವರ ಹೆಸರೇನ್ವಾ ತಂಗಿ? ನೀ ಹೇಳು. ಆಮ್ಯಾಲ ಈಕಿ ಬರೀತಾಳ."

ಅದೇನು ದೊಡ್ಡ ಮಾತು? ನಾನು ಓದಿದವಳು. ಇಂಥದ್ದೆಲ್ಲ ನಂಬುವವಳಲ್ಲ. ಗಂಟಲು ಸರಿಮಾಡಿಕೊಂಡೆ. ಮೊದಲ ಅಕ್ಷರದವರೆಗೆ ಬಂದು ಕೆಮ್ಮು ಬಂತು. ಮತ್ತೆ ಸರಿಮಾಡಿಕೊಂಡೆ. ಬ್ಯಾಂಕಿನಲ್ಲಿ ಕ್ಲರ್ಕ್ ಕೇಳಿದರೆ ನಾನು ಪಾಸ್‌ಬುಕ್ ಮುಂದೆ ಹಿಡಿಯುತ್ತೇನೆ, ಗ್ಯಾಸಿನವನಿಗೆ ಬಾಗಿಲ ಮೇಲಿನ ನೇಮ್‌ಪ್ಲೇಟ್ ತೋರಿಸುತ್ತೇನೆ ಎಂಬುದು ಆಗ ನೆನಪಾಯಿತು. ಇಷ್ಟು ವರ್ಷ ಅದನ್ನು ನಾನು ಮ್ಯಾನರ್ಸ್ ಅಂದುಕೊಂಡಿದ್ದೆ.

"ಒಡಪಾದ್ರೂ ಹಾಕು," ಅಂದರು ಅತ್ತೆ.

"ಬರೂದಿಲ್ರಿ. ಕಾನ್ವೆಂಟಿನಾಗ ಕಲಿಸ್ಲಿಲ್ಲ."

"ಅಯ್ಯ, ಮತ್ತೇನ್ ಕಲಿಸಿದ್ರವ್ವಾ?"

ಮಹಾದೇವಿ ಸೆರಗು ಬಾಯಿಗೆ ಅಡ್ಡ ಹಿಡಿದರು. ನಾನು ಚಹಾ ಕುಡಿದು, ರಬ್ಬರ್ ಕೇಳಿ ತರಿಸಿ, ನನ್ನ ಅಭಿಪ್ರಾಯವನ್ನು ನಾನೇ ಅಳಿಸಿದೆ. ಅಡಿಗೆರೆಗಳು ಮಾತ್ರ ಪೂರ್ತಿ ಹೋಗಲಿಲ್ಲ. ಅಷ್ಟು ಒತ್ತಿ ಎಳೆದಿದ್ದೆ.

ಶನಿವಾರ ಇಬ್ಬರೂ ಬಂದರು. ಅತ್ತೆ ಮುಂದಿನ ಬೆಂಚಿನಲ್ಲಿ, ಎಲೆಅಡಿಕೆ ಚೀಲ ಮಡಿಲಲ್ಲಿ. ಮಹಾದೇವಿ ಮೆಲ್ಲಗೆ ಓದುತ್ತ ಬಂದರು. ಬಸ್ಸು, ಭಜಿ, ಕಂಡಕ್ಟರ್, ಮುದುಕಿ. ಆ ಸಾಲು ಬಂದಾಗ ನಿಂತರು. ನಾನು ನನ್ನ ಚಪ್ಪಲಿಯ ಉಂಗುಷ್ಟ ನೋಡುತ್ತ ಕೂತೆ. ಅವರು ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಸೆರಗು ಸರಿಮಾಡಿಕೊಂಡು, ಬಾಯಿಂದಲೇ ಹೇಳಿದರು:

"ತವರೂರ ಹೊಲದಾಗ ಹೂ ಬಿಟ್ಟದ ತೊಗರಿ,
…ಅವರು ಇಳದಾರ, ಬಸ್ ನಿಲ್ಲಸ್ರಿ."

(ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅಚ್ಚಾದ ಹಾಳೆಯಲ್ಲೂ ಬೆಲ್ಲ ಕಟ್ಟುತ್ತಾರೆ.)

ಕೋಣೆಯೆಲ್ಲ ನಗು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಮಾತ್ರ ನಗಲಿಲ್ಲ.

"ಭಜಿ ತಂದಿದ್ನೋ ಇಲ್ಲೋ?"

"ತಂದಿದ್ರು ಅತ್ತಿ. ತಣ್ಣಗ ಆಗಿದ್ವು."

"ನನಗ ಈ ಮಾತು ಇಷ್ಟು ದಿನ ಹೇಳೇ ಇಲ್ಲ ನೀ," ಎಂದವರು ಮಾಸ್ತರರ ಕಡೆ ತಿರುಗಿದರು. "ಮುಂದಿನ ವಾರ ಈಕಿ ಏನ್ ಬರಿಯೂದು ಅದರಿ?"

ಮಹಾದೇವಿಯ ಓದಿನ ದಾರ ಗಟ್ಟಿಯಾಯಿತು. ಅಭಿಪ್ರಾಯ ಕೊಟ್ಟವಳಿಗೆ ಮಾರ್ಕ್ಸ್ ಕೊಡುವ ಪದ್ಧತಿ ಇಲ್ಲದ್ದಕ್ಕೆ ನಾನೂ ಪಾಸು.

ಮನೆಗೆ ಬಂದು ಎಲ್ಲ ಹೇಳಿದೆ. ನಮ್ಮ ಮನೆಯವರು ಪೇಪರ್ ಮಡಚಿ, "ಹಂಗಾದ್ರ ನೀ ಒಮ್ಮಿ ಹೇಳು ನೋಡೋಣ" ಅಂದರು. ಒಲೆಯ ಮೇಲೆ ಹಾಲಿತ್ತು, ಎದ್ದುಹೋದೆ. (ಹಾಲು ಇನ್ನೂ ಬಿಸಿಯೂ ಆಗಿರಲಿಲ್ಲ.)

ಈಗ ನೀವೇ ಹೇಳಿ. ಇಷ್ಟು ಕಾಲದಿಂದ ಈ ಅಂಕಣ ಓದುತ್ತಿದ್ದೀರಿ, ನಮ್ಮ ಮನೆಯವರು ಇದರಲ್ಲಿ ವಾರ ತಪ್ಪದೆ ಬರುತ್ತಾರೆ. ಅವರ ಹೆಸರು ನಿಮಗೇನಾದರೂ ಗೊತ್ತೇ?