ಮುಚ್ಚಿಟ್ಟ ಎಕ್ಕ

ಮೊನ್ನೆ ಭಾನುವಾರ ನ್ಯಾಮತಿಯಲ್ಲಿ ನನ್ನ ಮೊಮ್ಮಗಳು ಬ್ರಿಜ್ ಎಂಬ ಇಸ್ಪೀಟಾಟದಲ್ಲಿ ಸ್ಲ್ಯಾಮ್ ಗೆದ್ದಳು! ಹನ್ನೊಂದು ವರ್ಷದ ಕೂಸು. ಹದಿಮೂರು ಸುತ್ತಿನಲ್ಲಿ ಹನ್ನೆರಡು ನಮ್ಮವೇ ಎಂದು ಮೊದಲೇ ಕೂಗಿ, ಅಷ್ಟನ್ನೂ ಗೆಲ್ಲುವುದೇ ಸ್ಲ್ಯಾಮ್. ಅವಳಿಗೆ ಜೋಡಿ ಯಾರು? ನಾನೇ! ಚನ್ನಗಿರಿಯಲ್ಲಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೀದಿಯವರಿಗೆಲ್ಲ ಹೇಳಿ ಬಂದೆ. ಹೇಳಬೇಕಾದವರೊಬ್ಬರು ಮಾತ್ರ ಇಲ್ಲ.

ನಮ್ಮ ಯಜಮಾನರು ದನದ ಆಸ್ಪತ್ರೆಯ ಕಾಂಪೌಂಡರ್. ಜಗಳೂರಿನಲ್ಲಿದ್ದಾಗ ಅಲ್ಲಿನ ಡಾಕ್ಟರಿಂದ ಈ ಆಟ ಕಲಿತರು. ಎಪ್ಪತ್ತರ ದಶಕದಲ್ಲಿ ಇಬ್ಬರಿಗೂ ಹೊನ್ನಾಳಿಗೆ ವರ್ಗವಾಯಿತು. ಅಲ್ಲಿ ಆಟಕ್ಕೆ ಜನ ಸಿಗದೆ ಡಾಕ್ಟರ ಹೆಂಡತಿಯನ್ನೂ ನನ್ನನ್ನೂ ಕೂರಿಸಿಕೊಂಡರು. ಅಕ್ಕಿ ಆರಿಸುತ್ತಿದ್ದ ನನಗೆ ಯಜಮಾನರು ಹೇಳಿಕೊಟ್ಟರು: "ನಾನು ಫೋರ್ ನೋ ಟ್ರಂಪ್ ಅಂದ್ರೆ, ನಿನ್ನತ್ರ ಎಷ್ಟು ಎಕ್ಕ ಅದಾವೆ ಅಂತ ಕೇಳ್ದಂಗೆ. ಒಂದಿದ್ರೆ ಫೈವ್ ಡೈಮಂಡ್ಸ್ ಅನ್ನು, ಎರಡಿದ್ರೆ ಫೈವ್ ಹಾರ್ಟ್ಸ್. ಕೇಳಿದ್ದಷ್ಟೇ ಹೇಳು. ಸ್ಲ್ಯಾಮಿಗೆ ಹೋಗೋದು ಬಿಡೋದು ನನ್ನ ಕೆಲಸ."

ಒಂದು ಸ್ಲ್ಯಾಮ್ ಗೆಲ್ಲಬೇಕೆಂಬುದೇ ಅವರ ಆಸೆ. ಎಷ್ಟೋ ಸಲ ಕೂಗಿದರು, ಪ್ರತಿ ಸಲ ಒಂದು ಸುತ್ತಿಗೆ ತಪ್ಪುತ್ತಿತ್ತು. ಅಷ್ಟರಲ್ಲಿ ಅವರಿಗೆ ಎದೆನೋವು ಬಂತು. "ಏನಾರ ಆಡ್ಲಿ, ಗಾಬರಿ ಮಾತ್ರ ಆಗಬಾರದು," ಎಂದರು ದೊಡ್ಡಾಸ್ಪತ್ರೆಯಲ್ಲಿ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಒಂದು ಮಧ್ಯಾಹ್ನ ಎಲೆ ನೋಡುತ್ತಲೇ ಅವರು ನೆಟ್ಟಗೆ ಕೂತರು. "ಫೋರ್ ನೋ ಟ್ರಂಪ್" ಎಂದರು. ನನ್ನ ಕೈಯಲ್ಲಿ ಎರಡು ಎಕ್ಕ. ಅವರ ಹಣೆಯ ಬೆವರು ನೋಡಿ "ಫೈವ್ ಡೈಮಂಡ್ಸ್" ಎಂದುಬಿಟ್ಟೆ. ಒಂದೇ ಎಂದು ನಂಬಿ ಅವರು ಹನ್ನೊಂದು ಸುತ್ತಿಗೇ ನಿಂತರು. ನಾನು ಉಸಿರು ಬಿಟ್ಟೆ.

ಆದರೆ ಕೂಗು ಮುಗಿದ ಮೇಲೆ ಆಡುವವರ ಜೋಡಿಯಾದವರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಡಬೇಕು. ಗಾಬರಿಯಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ. ಬಿಚ್ಚಿಟ್ಟೆ. ಆಟೀನು ಎಕ್ಕ, ಪಕ್ಕದಲ್ಲೇ ಕಳಾವರ್ ಎಕ್ಕ.

"ಇನ್ನೊಂದನ್ನ ಸಾಸಿವೆ ಡಬ್ಬೀಲಿ ಇಟ್ಟಿದ್ರೇನ್ರೀ ಅಮ್ಮಾ?" ಡಾಕ್ಟರು ನಕ್ಕರು.

"ಎಣಿಸಾಕೆ ಬರಲ್ಲ ಬಿಡ್ರಿ ಅವಳಿಗೆ," ಎಂದರು ಯಜಮಾನರು, ನನ್ನ ಕಡೆ ನೋಡದೆ. ಆಡಿದರು. ಹನ್ನೆರಡು ಸುತ್ತು ಬಂತು. ಕೂಗಿದ್ದು ಹನ್ನೊಂದು; ಸ್ಲ್ಯಾಮ್ ಆಗಲಿಲ್ಲ.

ಮನೆಯ ದಾರಿಯಲ್ಲಿ ಕೇಳಿದರು: "ನನ್ನ ಗುಂಡಿಗೆಗೆ ಹೆದರಿದ್ಯಾ?"

"ಹೂಂ."

"ಸಾಯೋದು ಹೆಂಗಿದ್ರೂ ಐತೆ ಕಣೇ. ಅದೊಂದು ಸ್ಲ್ಯಾಮ್ ಆಗಿದ್ರೆ..."

ಆಮೇಲೂ ನಾಲ್ಕು ತಿಂಗಳು ಆಡಿದೆವು. ಎಂಥ ಎಲೆ ಬಂದರೂ ಅವರು ನನ್ನನ್ನು ಎಕ್ಕ ಕೇಳಲಿಲ್ಲ. ಕೇಳಿ ಎನ್ನಲು ನನಗೂ ಬಾಯಿ ಬರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ, ಕಾಫಿ ಲೋಟ ಕೆಳಗಿಟ್ಟವರು ಹೋಗಿಬಿಟ್ಟರು. ಅಂದು ಎಲೆ ಮುಟ್ಟಿರಲಿಲ್ಲ, ಗಾಬರಿ ಆಗುವಂಥದ್ದೂ ಏನಿರಲಿಲ್ಲ.

ಮೊನ್ನೆ, ನಾನೇ ಕಲಿಸಿದ ಆಟದಲ್ಲಿ, ಮಗಳು ಅಳಿಯ ಒಂದು ಜೋಡಿ, ನಾನು ಮೊಮ್ಮಗಳು ಒಂದು ಜೋಡಿ. ಕೂಸು ಮೆಲ್ಲಗೆ "ಫೋರ್ ನೋ ಟ್ರಂಪ್" ಎಂದಳು. ಅಷ್ಟು ವರ್ಷದ ಮೇಲೆ ನನ್ನನ್ನು ಒಬ್ಬರು ಕೇಳಿದ್ದು. "ಫೈವ್ ಹಾರ್ಟ್ಸ್!" ಎಂದು ಕಿರುಚಿದೆ, ಅಳಿಯಂದಿರು ಬೆಚ್ಚಿಬಿದ್ದರು. ಅವಳು ಸ್ಲ್ಯಾಮಿಗೆ ಹೋದಳು. ನಾನು ಮೊದಲು ಎರಡು ಎಕ್ಕ, ಆಮೇಲೆ ಉಳಿದ ಎಲೆ ಬಿಚ್ಚಿಟ್ಟೆ. ಗೆದ್ದೇ ಬಿಟ್ಟಳು!

"ಗೆದ್ದೀವಲ್ಲ ಅಜ್ಜಿ, ಅಳಾಕೆ ಏನಾತು?"

"ಖುಷಿಗೆ ಕಣವ್ವ," ಎಂದೆ. ಆ ಎರಡು ಎಕ್ಕಗಳನ್ನು ಸಂಜೆಯವರೆಗೂ ಯಾರಿಗೂ ಎತ್ತಲು ಬಿಡಲಿಲ್ಲ.