ಹಿಮಕ್ಕೆ ಹಚ್ಚಿದ ಭಂಡಾರ

ದಸ್ತಗೀರ, ನಿನ್ನ ಹೆಸರು ಕೆಡಿಸಿದ ಆ ಅರಿಶಿನ ನಿನ್ನ ಊಟದ ಡಬ್ಬಿಯದಲ್ಲ. ನನ್ನದು. ದೇವರಗುಡ್ಡದ ಮೈಲಾರನ ಭಂಡಾರ ಅದು — ಅವ್ವ ಪುಡಿಕೆ ಕಟ್ಟಿ ನನ್ನ ಚೀಲದಲ್ಲಿಟ್ಟಿದ್ದಳು, ನಾನು ಕೈಯಾರೆ ಹಿಮಕ್ಕೆ ಹಚ್ಚಿದೆ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು.

ದಕ್ಷಿಣ ಧ್ರುವದ ಹಿಮನೆಲವನ್ನು ಆಳಕ್ಕೆ ಕೊರೆದು, ಒಳಗಿನಿಂದ ಹಿಮದ ತುಂಡುಗಳನ್ನು ಎತ್ತಿ ತರುವುದು ನನ್ನ ಕೆಲಸವಾಗಿತ್ತು. ವರ್ಷವರ್ಷ ಬಿದ್ದ ಹಿಮ ಪದರಪದರವಾಗಿ ಕೂತಿರುತ್ತದೆ. ಅದರೊಳಗಿನ ಧೂಳು ನೋಡಿ, ಯಾವ ಕಾಲದಲ್ಲಿ ಮಳೆ ಸೋತು ನೆಲ ಒಣಗಿತ್ತೆಂದು ಹೇಳುವುದು ನಿನ್ನ ಕೆಲಸ. ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮನೆಯವನು, ನೀನು ಹಲಗೇರಿಯವನು. ತಂದ ಹಿಮವನ್ನು ಪರೀಕ್ಷಿಸುವ ಕಡಲ ತಡಿಯ ಆ ಪ್ರಯೋಗಾಲಯದಲ್ಲಿ ನಮ್ಮ ಕಡೆಯ ಮಾತು ಆಡುವವರು ನಾವಿಬ್ಬರೇ. ನೀನು ನನ್ನನ್ನು ಬಾಯ್ತುಂಬ ‘ಅಣ್ಣಾರ’ ಎನ್ನುತ್ತಿದ್ದೆ.

ಆ ಸಲ ಕೊರೆಯುವ ಯಂತ್ರ ಆಳದಲ್ಲಿ ಸಿಕ್ಕಿಬಿದ್ದಿತ್ತು. ಏನು ಮಾಡಿದರೂ ಮೇಲೆ ಬರಲೊಲ್ಲದು. ಶಿಬಿರದವರೆಲ್ಲ ಕೈಚೆಲ್ಲಿದಾಗ ನಾನು ಮನಸ್ಸಿನಲ್ಲೇ ಮೈಲಾರನಿಗೆ ಹರಕೆ ಹೊತ್ತೆ. ಮರುದಿನ ಯಂತ್ರ ಸಡಿಲಿ ಮೇಲೆ ಬಂತು, ಹೊಟ್ಟೆಯಲ್ಲೊಂದು ತುಂಡು ಹಿಮ ಇಟ್ಟುಕೊಂಡು. ನಮ್ಮ ಹೊಲದಲ್ಲಿ ಬೋರಿಗೆ ನೀರು ಬಿದ್ದರೆ ಮೊದಲು ಭಂಡಾರ ಹಚ್ಚಿ ಆಮೇಲೆ ಮುಟ್ಟುವುದು ರೂಢಿ — ಕೈ ತಾನಾಗಿ, ಅವ್ವನ ಪುಡಿಕೆ ಇಟ್ಟುಕೊಂಡಿದ್ದ ಜೇಬಿಗೆ ಹೋಯಿತು. ಉಳಿದವರು ಯಂತ್ರದ ಸುತ್ತ ಇದ್ದರು. ಒಂದು ಚಿಟಿಕೆ ಹಚ್ಚಿ, ‘ಏಳುಕೋಟಿ’ ಎಂದು ಮೈಲಾರನ ಘೋಷ ಗೊಣಗಿ, ಕೈಗವಸಿನಿಂದ ಒರೆಸಿಬಿಟ್ಟೆ. ಹೊರಮೈಯನ್ನು ಹೇಗೂ ಹೆರೆದು ತೆಗೆಯುತ್ತಾರಲ್ಲ ಎಂದುಕೊಂಡೆ. ಆಳದ ಹಿಮ ಮೇಲೆ ಬಂದಾಗ ಬಿರಿಯುತ್ತದೆ, ಬಿರುಕಿನಲ್ಲಿ ಪುಡಿ ಇಳಿಯುತ್ತದೆ — ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದನ್ನು ಕಲಿತದ್ದಕ್ಕೇ ನನಗೆ ಆ ಕೆಲಸ ಸಿಕ್ಕಿದ್ದು.

ನಾವು ಮರಳಿದ ಮೇಲೆ ಪ್ರಯೋಗಾಲಯದಲ್ಲಿ ಆ ತುಂಡು ನಿನ್ನ ಪಾಲಿಗೆ ಬಂತು. ನೀನು ನನ್ನ ಕೋಣೆಗೆ ಓಡಿ ಬಂದೆ. “ಅಣ್ಣಾರ, ಆವಾಗ ದೊಡ್ಡ ಬರಾ ಬಿದ್ದೈತ್ರಿ. ಇಷ್ಟು ಧೂಳ ನಾ ಎಲ್ಲೂ ನೋಡಿಲ್ರಿ.” ಆಗ ಹೇಳಬಹುದಿತ್ತು. ನಗುತ್ತ ಬೆನ್ನು ತಟ್ಟಿದೆ. ಕಣ ಎಣಿಸುವ ಯಂತ್ರದ ಲೆಕ್ಕ ನಂಬಿ ನೀನು ದೊಡ್ಡವರ ಸಭೆಯಲ್ಲಿ ಅದನ್ನೇ ಹೇಳಿದೆ. ಬೇರೆಯವರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಮಣ್ಣಿನ ಧೂಳಲ್ಲ, ಅರಿಶಿನ. ಎಲ್ಲರ ಕಣ್ಣೂ ನಿನ್ನ ಡಬ್ಬಿಯ ಹಳದಿ ಅನ್ನದ ಮೇಲೆ ಬಿತ್ತು. ಉಂಡ ಕೈ ತೊಳೆಯದೆ ಹಿಮ ಮುಟ್ಟಿದ್ದಾನೆ ಎಂದರು. ಪ್ರಯೋಗಾಲಯದ ಹಿರಿಯರು ನನ್ನನ್ನು ಕರೆಸಿದರು — “ನೀವು ಅವನ ಊರ ಕಡೆಯವರು. ಅವನ ಕೈ ಮೇಲೆ ನಿಮಗೆ ನಂಬಿಕೆ ಇದೆಯೇ?”

“ಹೇಳೋದು ಕಷ್ಟ ಸರ್” ಅಂದೆ.

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದನ್ನೂ ಮಾಡಲಿಲ್ಲ — ಅಷ್ಟು ಪಳಗಿದ ಕಳ್ಳ. ವಿಜ್ಞಾನಿಯಾಗಿ ಹಿಮಕ್ಕೆ ಪೂಜೆ ಮಾಡಿದನೆಂದು ನಗುತ್ತಾರಲ್ಲ ಎಂಬ ಭಯ. ಇನ್ನೊಂದು ಇದೆ, ಅದು ಇನ್ನೂ ಹೊಲಸು: ನಿನ್ನ ಹೆಸರು ಕೇಳಿದ ಕೂಡಲೇ ಅವರು ಎಷ್ಟು ಸುಲಭವಾಗಿ ನಂಬಿದರೆಂಬುದನ್ನು ಕಂಡೆ, ಕಂಡು ನನಗೆ — ಹಗುರಾಯಿತು. ಥೂ.

ನಿನ್ನನ್ನು ಕೆಲಸದಿಂದ ತೆಗೆದರು. ಬೇರೆ ಯಾವ ಪ್ರಯೋಗಾಲಯವೂ ಕರೆಯಲಿಲ್ಲ. ಆಗ ನಾನು ಧರ್ಮರಾಯನಂತೆ ಬಂದು ಬ್ಯಾಡಗಿಯ ನಮ್ಮ ಕಾಕಾನ ಕೋಲ್ಡ್ ಸ್ಟೋರೇಜಿನಲ್ಲಿ ನಿನಗೆ ಕೆಲಸ ಕೊಡಿಸಿದೆ. ಹಿಮದ ವಯಸ್ಸು ಬಲ್ಲವನನ್ನು ಮೆಣಸಿನಕಾಯಿ ಚೀಲ ಕಾಯಲು ಕೂರಿಸಿದೆ. ನಿಮ್ಮ ಅಮ್ಮಿ ಅದಕ್ಕಾಗಿ ನನಗೆ ಈಗಲೂ ದುವಾ ಮಾಡುತ್ತಾರೆ.

ಹೋದ ವಾರ ಅಲ್ಲಿಗೆ ಬಂದಿದ್ದೆನಲ್ಲ, ನೀನು ಡಬ್ಬಿ ಬಿಚ್ಚಿ “ಕುಂದ್ರಿ ಅಣ್ಣಾರ, ಎರಡು ತುತ್ತು ಉಣ್ರಿ” ಅಂದೆ. ಬಿಳಿ ಅನ್ನ. ಹಳದಿ ಅನ್ನ ಯಾಕ ತಂದಿಲ್ಲ ಎಂದು ಸುಮ್ಮನೆ ಕೇಳಿದೆ.

“ನಾ ಅರಿಶಿಣ ಬಿಟ್ಟೇನ್ರಿ. ಅವತ್ತ ಕೈ ತೊಳ್ಕೊಂಡಿದ್ದೆ ಅಂತ ನೆನಪೈತಿ. ಆದ್ರ ಅಷ್ಟು ಮಂದಿ ಸುಳ್ಳ ಹೇಳ್ತಾರೇನ್ರಿ? ಖರೇ ಹೇಳ್ಬೇಕಂದ್ರ, ನನ್ನ ಕೈ ಮ್ಯಾಲ ನನಗ ನಂಬಿಕಿಲ್ರಿ ಈಗ.”

ನೀನು ಕೊಟ್ಟ ತುತ್ತು ನುಂಗಿ ಎದ್ದು ಬಂದೆ. ನಿನ್ನ ಕೆಲಸ ಕಸಿದೆನೆಂದು ತಿಳಿದಿದ್ದೆ — ನಿನ್ನೊಳಗಿನಿಂದ ಇದನ್ನೂ ಕಸಿದಿರುವೆನೆಂದು...

ಇದರದೇ ಒಂದು ಪ್ರತಿಯನ್ನು ಆ ಹಿರಿಯರಿಗೆ ಕಳಿಸುತ್ತಿದ್ದೇನೆ. ನನ್ನ ಹುದ್ದೆ ಹೋಗುತ್ತದೆ, ಹೋಗಲಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತಿ, ಅದನ್ನೂ ದೋಚಿದಂತಾಗುತ್ತದೆ. ಇದೊಂದನ್ನು ಮಾತ್ರ ನಂಬು. ಅವತ್ತು ನೀನು ಕೈ ತೊಳೆದುಕೊಂಡಿದ್ದೆ, ದಸ್ತಗೀರ. ನಿನ್ನ ಕೈ ಶುದ್ಧವಿತ್ತು.