ಅಂಚಿನಲ್ಲಿ ಬರೆದ ಉತ್ತರ

ಇದು ಶುರುವಾದದ್ದು 2023ರ ಮೇ ತಿಂಗಳಲ್ಲಿ, ಒಂದು ಪರೀಕ್ಷೆಯ ದಿನ ಎಂದು ನನ್ನ ದಿನಚರಿ ಹೇಳುತ್ತದೆ. ಅವತ್ತು ಮಳೆ ಬಂದಿತ್ತೆಂದು ನನಗೆ ನೆನಪು. ದಿನಚರಿಯಲ್ಲಿ ಮಳೆಯ ಸುದ್ದಿಯೇ ಇಲ್ಲ. ಇನ್ನೂ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಓದುವವರು ಅದನ್ನು ಗಮನದಲ್ಲಿಟ್ಟುಕೊಂಡೇ ಓದಬೇಕು.

ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿ, ಹೊಳೆನರಸೀಪುರದಲ್ಲಿ ನಿವೃತ್ತಳಾದ ಮೇಲೆ ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಅಕಾಡೆಮಿಕ್ ಕೌನ್ಸೆಲರ್ ಆಗಿ ಸೇರಿದೆ. ಆ ಹುದ್ದೆಯ ಅರ್ಥ ಸೇರಿದ ದಿನ ತಿಳಿಯಲಿಲ್ಲ, ಬಿಡುವ ಹೊತ್ತಿಗೆ ತಿಳಿಯಿತು. ಫಾರಂಗಳಿಗೆ ಸಹಿ ಹಾಕಲು ಅವರಿಗೊಂದು ನರೆತ ತಲೆ ಬೇಕಿತ್ತು.

ಕಾಲೇಜು ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಫೌಂಡೇಶನ್ ಕೋರ್ಸ್ ನಡೆಸುತ್ತಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆ ಶನಿವಾರ, ಭಾನುವಾರ ತರಗತಿ. ಹೆಸರಿಗೆ ಬುನಾದಿ, ಮಾಡುತ್ತಿದ್ದದ್ದು ಮುಂದಿನ ವರ್ಷದ ಪಾಠವನ್ನು ಈ ವರ್ಷವೇ ಅರೆಬೇಯಿಸಿ ಬಡಿಸುವುದು. ಹತ್ತನೇ ತರಗತಿ ಮುಗಿಸಿದವರು ಅದೇ ಕಾಲೇಜಿಗೆ ಪಿಯುಸಿಗೆ ಬರುತ್ತಿದ್ದರು. ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲರಿಗೂ ಇರುತ್ತವೆ. ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ. ಈ ಒಂದು ಅಕ್ಷರ ಮಗುವಿನ ಮುಂದಿನ ಓದನ್ನು ತೀರ್ಮಾನಿಸುತ್ತದೆ.

ನಮ್ಮ ಕಾಲೇಜಿನಲ್ಲಿ ಆ ಅಕ್ಷರವನ್ನು ಮಗುವನ್ನು ಕೇಳಿ ಬರೆಯುತ್ತಿರಲಿಲ್ಲ. ಆಪ್ಟಿಟ್ಯೂಡ್ ಟೆಸ್ಟ್ ಇತ್ತು: ನಲವತ್ತು ಪ್ರಶ್ನೆ, ಗುಂಡಗಿನ ಮನೆಗಳಿಗೆ ಪೆನ್ನಿನಿಂದ ಬಣ್ಣ ತುಂಬುವ ಓಎಂಆರ್ ಹಾಳೆ. ಒಂದು ಪ್ರಶ್ನೆ ನನಗೆ ಇನ್ನೂ ಬಾಯಿಪಾಠ. ‘ಬಿಡುವಿನಲ್ಲಿ ನಿಮಗೆ ಇಷ್ಟವಾದ ಕೆಲಸ ಯಾವುದು? ಒಗಟು ಬಿಡಿಸುವುದು, ವಿಜ್ಞಾನ ಪತ್ರಿಕೆ ಓದುವುದು, ಕೋಡಿಂಗ್ ಕಲಿಯುವುದು, ರೋಬೋಟ್ ತಯಾರಿಸುವುದು.’ ಸಾಲಗಾಮೆಯಂಥ ಹಳ್ಳಿಯ ಮಗು ಶಾಲೆ ಬಿಟ್ಟು ಬಂದು ರೋಬೋಟ್ ತಯಾರಿಸುತ್ತದೆಂದು ನಂಬಿದ ಆ ಮಹಾನುಭಾವ ಯಾರೋ ಗೊತ್ತಿಲ್ಲ. ಗೊತ್ತಿದ್ದರೂ ಕೈಮುಗಿಯುತ್ತಿರಲಿಲ್ಲ.

ಯಂತ್ರ ಓದಲಾಗದ ಹಾಳೆಗಳನ್ನು ‘ಇನ್‌ವ್ಯಾಲಿಡ್’ ಎಂದು ಬೇರೆ ಕಟ್ಟುತ್ತಿದ್ದರು. ಆ ವರ್ಷ ಹೊಸದಾಗಿ ತೆರೆದ ಕಂಪ್ಯೂಟರ್ ವಿಭಾಗ ತುಂಬಿರಲಿಲ್ಲ. ಹಾಗಾಗಿ ಆ ಕಟ್ಟು ಪೂರ್ತಿ ಅಲ್ಲಿಗೆ. ಪ್ರತಿ ಹಾಳೆಯ ಮೇಲೂ ‘ವಿದ್ಯಾರ್ಥಿಯ ಆಸಕ್ತಿಯನ್ನು ಪರಿಶೀಲಿಸಿ ಶಿಫಾರಸು ಮಾಡಲಾಗಿದೆ’ ಎಂದು ಮುದ್ರಿಸಿದ ಚೀಟಿ, ಅದರ ಕೆಳಗೆ ನನ್ನ ಸಹಿ. ಚೀಟಿಯ ಅಡಿಯ ಹಾಳೆಯನ್ನು ನಾನು ಮಗುಚಿ ನೋಡುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಕಂಪ್ಯೂಟರಿಗೆ ಹೆಸರು ಏರಿಸುತ್ತಿದ್ದವಳು ನನ್ನ ತಮ್ಮನ ಮಗಳು ಸಿಂಧು. ಅವಳನ್ನು ಆ ಕೆಲಸಕ್ಕೆ ಸೇರಿಸಿದವಳೂ ನಾನೇ.

ಆಗಸ್ಟ್ ಕೊನೆಯಲ್ಲಿ ಬಾಗೂರಿನ ಮಂಜೇಗೌಡ ಎಂಬುವರು ಮಗಳು ರಕ್ಷಿತಾಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ಅವಳು ಚನ್ನರಾಯಪಟ್ಟಣದ ನಮ್ಮ ಫೌಂಡೇಶನ್‌ನಿಂದ ಬಂದವಳು, ಈಗ ಮೊದಲ ಪಿಯುಸಿ, ಪಿಸಿಎಂಸಿ.

“ಮೇಡಂನೋರೆ, ನಮ್ ಅಸೀಗೆ ಕೆಚ್ಚಲ್ ಬಾವು ಬಂದಿತ್ತು. ದನದ್ ಡಾಕ್ಟ್ರು ಬಂದಿದ್ರು. ಇವ್ಳು ಮುಂದೆ ನಿಂತ್ಕಂಡು ಎಲ್ಲಾನೂ ಕೇಳ್ತಿದ್ಲು. ಏನ್ ಓದ್ತಿದೀಯವ್ವ ಅಂದ್ರು. ಇವ್ಳು ಏಳುದ್ಲು. ಅಯ್ಯೋ, ಅದ್ರಾಗೆ ಬಯಾಲಜಿನೇ ಇಲ್ವಲ್ಲವ್ವ, ನೀನ್ ಎಂಗೆ ದನದ್ ಡಾಕ್ಟ್ರಾಗ್ತೀಯ ಅಂದ್ಬುಟ್ರು.”

“ಮೂರು ತಿಂಗಳಿಂದ ಜೀವಶಾಸ್ತ್ರದ ಪಾಠ ಇಲ್ಲ ಅಂತ ನಿನಗೆ ಗೊತ್ತಾಗಲಿಲ್ವಾ?” ಎಂದು ನಾನು ಹುಡುಗಿಯನ್ನು ಕೇಳಿದೆ. ಆ ಪ್ರಶ್ನೆ ಕೇಳಿದ ನಾಲಿಗೆಯ ಬಗ್ಗೆ ಈಗ ಅಸಹ್ಯವಾಗುತ್ತದೆ.

“ಕೇಳ್ದೆ ಮಿಸ್. ಸೆಕೆಂಡ್ ಇಯರ್‌ನಲ್ಲಿ ಬದಲಾಯಿಸ್ಕೋಬೋದು ಅಂತ ಆಫೀಸಲ್ಲಿ ಅಂದ್ರು.”

ಹಾಗೆ ಬದಲಾಯಿಸಲು ಬರುವುದಿಲ್ಲ. ವಿಷಯ ಬದಲಿಸಲು ಇದ್ದ ಗಡುವು ಮುಗಿದು ಹತ್ತು ದಿನವಾಗಿತ್ತು. ಆದರೂ ಕಾಲೇಜು ಇಲಾಖೆಗೆ ಪತ್ರ ಬರೆದು ಕೇಳಿಕೊಳ್ಳಬಹುದಿತ್ತು. ತಂದೆ, ಮಗಳನ್ನು ಡೈರೆಕ್ಟರ್ ಹತ್ತಿರ ಕರೆದೊಯ್ದೆ. ಊರ ರಸ್ತೆಗಳ ಫ್ಲೆಕ್ಸಿನಲ್ಲಿ ರ‍್ಯಾಂಕ್ ಬಂದ ಮಕ್ಕಳ ಮುಖ ಅಂಚೆಚೀಟಿಯಷ್ಟು, ಇವರ ಮುಖ ಬಾಗಿಲಷ್ಟು. ಅವರು ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದರು:

“ದನ ನೋಡೋಕೆ ಯಾಕ್ರೀ ಗೌಡ್ರೇ ಅಷ್ಟು ಓದು? ಕಂಪ್ಯೂಟರ್ ಮಾಡ್ಲಿ ಬಿಡಿ, ಎಸಿ ರೂಮಲ್ಲಿ ಕೂತ್ಕೋತಾಳೆ.”

“ಎಸಿ ರೂಮಲ್ ಕುಂತೋರ್ಗೂ ವತ್ತಾರೆ ಕಾಪಿಗೆ ಆಲು ಬೇಕಲ್ಲ ಸಾ,” ಎಂದರು ಮಂಜೇಗೌಡರು. “ಅಸ ಮಲ್ಕಬುಟ್ರೆ ನಿಮ್ ಕಂಪ್ಯೂಟ್ರು ಬಂದು ಸೂಜಿ ಆಕ್ತದಾ?”

ಡೈರೆಕ್ಟರ್ ನನ್ನ ಕಡೆ ತಿರುಗಿದರು. “ಶಿಫಾರಸು ಮಾಡಿದ್ದು ಮೇಡಂ. ಸಹಿ ಅವರದೇ ಇದೆ. ಅವರನ್ನೇ ಕೇಳಿ.” ಅವರು ಪತ್ರ ಬರೆಯಲಿಲ್ಲ. ಬರೆದರೆ ಪರೀಕ್ಷೆ ಸುಳ್ಳೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಅವರಿಬ್ಬರನ್ನೂ ಕರೆದುಕೊಂಡು ಕೋಣೆಗೆ ಮರಳಿ ಇನ್‌ವ್ಯಾಲಿಡ್ ಕಟ್ಟು ಬಿಚ್ಚಿದೆ. ರಕ್ಷಿತಾಳ ಹಾಳೆ ಸಿಕ್ಕಿತು. ಬಿಡುವಿನ ಪ್ರಶ್ನೆಗೆ ನಾಲ್ಕೂ ಮನೆ ಖಾಲಿ. ಅಂಚಿನಲ್ಲಿ, ಯಂತ್ರ ಓದುವ ಕಪ್ಪು ಗುರುತುಗಳ ಮೇಲೆಯೇ ಹಾಯುವಂತೆ, ದುಂಡು ಅಕ್ಷರದಲ್ಲಿ ಹೀಗೆ ಬರೆದಿದ್ದಳು: ‘ಇವು ಯಾವುದೂ ಅಲ್ಲ. ಹಾಲು ಕರೆಯುತ್ತೇನೆ. ಹಸು ಕರು ಹಾಕುವಾಗ ಅಪ್ಪನ ಜೊತೆ ಇರುತ್ತೇನೆ. ಪಶುವೈದ್ಯೆ ಆಗಬೇಕು.’

ಇಡೀ ಕಟ್ಟಿನಲ್ಲಿ ಪ್ರಶ್ನೆಗೆ ನಿಜವಾದ ಉತ್ತರ ಬರೆದವಳು ಬಹುಶಃ ಅವಳೊಬ್ಬಳೇ. ಅದಕ್ಕೇ ಅವಳ ಹಾಳೆ ಅಸಿಂಧು. ಅದನ್ನು ಮುಚ್ಚಿದ್ದ ಚೀಟಿಯ ಮೇಲೆ ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳ ಸಹಿ.

“ನಾನಿದನ್ನ ಓದಿರಲಿಲ್ಲ. ತಪ್ಪಾಯ್ತಮ್ಮ,” ಎಂದೆ.

“ಓದ್ದೇ ಇದ್ರೆ ಓಗ್ಲಿ ಮಿಸ್,” ಎಂದಳು ಹುಡುಗಿ. ದನಿ ಏರಿಸಲಿಲ್ಲ. “ನಾನೇ ಬಂದು ನಿಮ್ಗೆ ಏಳಿದ್ನಲ್ಲ.”

“ಯಾವಾಗ?”

“ಟೆಸ್ಟ್ ದಿನಾನೇ. ನೀವು ಡಬ್ಬಿ ತೆಗೀತಿದ್ರಿ, ಪುಳಿಯೋಗರೆ. ಅದೆಲ್ಲ ಮೆಷಿನ್ ನೋಡ್ಕೊಳುತ್ತೆ, ಓಗಮ್ಮ ಅಂದ್ರಿ.”

“ಬಾರವ್ವ, ಸಾಕು,” ಎಂದು ಮಂಜೇಗೌಡರು ಎದ್ದರು. ನನಗೊಂದು ನಮಸ್ಕಾರವನ್ನೂ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು ದಿನಚರಿ ತೆಗೆದೆ. ಪರೀಕ್ಷೆಯ ದಿನದ ಕೆಳಗೆ ಇರುವುದು ಇಷ್ಟು: ‘ನೂರಾ ಹನ್ನೆರಡು ಫಾರಂ. ತಲೆನೋವು. ಪುಳಿಯೋಗರೆಗೆ ಉಪ್ಪು ಜಾಸ್ತಿ.’ ಊಟಕ್ಕೆ ಸಾಕ್ಷಿ ಇದೆ, ಹುಡುಗಿಗೆ ಇಲ್ಲ. ಉಪ್ಪು ಬರೆದವಳು ಹುಡುಗಿಯನ್ನು ಬರೆಯದೆ ಬಿಡುತ್ತಿದ್ದೆನೇ? ಹಾಗಾದರೆ ನನ್ನ ಡಬ್ಬಿಯಲ್ಲಿ ಏನಿತ್ತೆಂದು ಅವಳಿಗೆ ಹೇಗೆ ಗೊತ್ತು?

ರಕ್ಷಿತಾ ಟಿಸಿ ತೆಗೆದುಕೊಂಡಳು. ಮುಂದಿನ ಜೂನಿನಲ್ಲಿ ಚನ್ನರಾಯಪಟ್ಟಣದ ಸರ್ಕಾರಿ ಕಾಲೇಜಿನಲ್ಲಿ ಮೊದಲ ಪಿಯುಸಿಗೇ ಮತ್ತೆ ಸೇರಿದಳು, ಈ ಸಲ ಜೀವಶಾಸ್ತ್ರಕ್ಕೆ. ಒಂದು ವರ್ಷ ಹೋಯಿತು. ಅವಳು ನಮ್ಮ ಕಾಲೇಜು ಬಿಟ್ಟುಹೋದ ಮೇಲೂ ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಫ್ಲೆಕ್ಸಿನಲ್ಲಿ ‘ನಮ್ಮ ಫೌಂಡೇಶನ್‌ನ ಹೆಮ್ಮೆ’ ಎಂದು ಅವಳ ಮುಖ ನೇತಾಡುತ್ತಿತ್ತು. ನಾಚಿಕೆ ಎಂಬುದು ಆ ಕೋರ್ಸಿನ ಸಿಲಬಸ್ಸಿನಲ್ಲಿ ಇರಲಿಲ್ಲ. ನಾನು ರಾಜೀನಾಮೆ ಕೊಟ್ಟೆ, ಆದರೆ ತಕ್ಷಣ ಅಲ್ಲ, ಎರಡು ತಿಂಗಳ ನಂತರ. ಅದನ್ನೂ ಹೇಳಿಬಿಡಬೇಕು.

ನಾವು ಕೊಟ್ಟ ಮನೆಗಳಲ್ಲಿ ಮಗುವಿನ ಉತ್ತರ ಹಿಡಿಸದಿದ್ದರೆ ಅಸಿಂಧುವಾಗಬೇಕಾದದ್ದು ನಮ್ಮ ಹಾಳೆ. ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ನಿವೃತ್ತಿಯ ನಂತರ. ಆದರೆ ಹಾಳೆಯನ್ನು ಓದದೆ ಇದ್ದದ್ದು ಒಂದು ತಪ್ಪು. ಎದುರು ನಿಂತು ಹೇಳಿದ ಮಗುವನ್ನು ಅನ್ನ ತಿನ್ನುತ್ತಾ ಅಟ್ಟಿದ್ದರೆ ಅದು ಬೇರೆಯೇ ತಪ್ಪು. ಆ ಹುಡುಗಿಯನ್ನು ಬಿಟ್ಟರೆ, ನಾನು ಯಾವುದನ್ನು ಮಾಡಿದೆ ಎಂದು ಬಲ್ಲವಳು ಪಕ್ಕದ ಮೇಜಿನಲ್ಲಿದ್ದವಳೊಬ್ಬಳೇ.

ಕಳೆದ ಚಳಿಗಾಲದಲ್ಲಿ ಅರಕಲಗೂಡಿಗೆ, ತಮ್ಮನ ಮನೆಗೆ ಹೋಗಿದ್ದೆ. ಸಿಂಧು ಅವರೆಕಾಯಿ ಸುಲಿಯುತ್ತಿದ್ದಳು. ಪರೀಕ್ಷೆಯ ದಿನದ ಬಗ್ಗೆ ಕೇಳಿದೆ. “ಕಾಫಿ ಆರಿಹೋಯ್ತು ಅತ್ತೆ, ಬಿಸಿ ಮಾಡ್ತೀನಿ,” ಎಂದು ಎದ್ದುಹೋದಳು. ಲೋಟ ತಂದುಕೊಟ್ಟಾಗ ಅವಳ ಕೈ ಹಿಡಿದುಕೊಂಡು ಮತ್ತೆ ಅದನ್ನೇ ಕೇಳಿದೆ:

“ನೀನು ಪಕ್ಕದಲ್ಲೇ ಕೂತಿದ್ದೆಯಲ್ಲ ಸಿಂಧು, ಅವತ್ತು ಆ ಹುಡುಗಿ ಬಂದಿದ್ಲಾ?”